ಇಬ್ಬರು ಸೇರಿ ಲ್ಯಾಂಡ್‌ಸ್ಕೇಪ್ ಆಫೀಸು ತೆರೆಯುವ ಮುಂಚೆ: ಓಮ್‌ಸ್ಟೆಡ್ ಆಫೀಸು ಬೆಳೆದ ಬಗೆ

ಪ್ರಶ್ನೆ: ನಾನು ಮೈಸೂರಿನವಳು. ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್ ಓದಿ ಬೆಂಗಳೂರಿನ ಒಂದು ಆಫೀಸಿನಲ್ಲಿ ಕೆಲವು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಈಗ ಗೆಳತಿಯೊಬ್ಬಳ ಜೊತೆ ಸ್ವಂತ ಆಫೀಸು ತೆರೆಯುವ ಆಸೆ. ಅವಳು ಡ್ರಾಯಿಂಗ್‌ನಲ್ಲಿ ಗಟ್ಟಿ, ನಾನು ಸೈಟಿನಲ್ಲಿ. ಇಂಥ ಆಫೀಸುಗಳು ಹೇಗೆ ಬೆಳೆಯುತ್ತವೆ? ಶುರು ಮಾಡಿದವರು ಹೋದಮೇಲೂ ಉಳಿಯುತ್ತವಾ? ಫೀಸು ಹೇಗೆ ಕೇಳಬೇಕು? ಆಫೀಸಿಗೆ ಯಾರ ಹೆಸರು ಇಡಬೇಕು?

ಉತ್ತರ:

ಅವಳು ಡ್ರಾಯಿಂಗ್‌ನಲ್ಲಿ, ನಾನು ಸೈಟಿನಲ್ಲಿ ಅಂತ ಬರೆದಿದ್ದೀರಿ. ನಮ್ಮ ವೃತ್ತಿಯ ಅತ್ಯಂತ ಹೆಸರಾದ ಆಫೀಸು ಹುಟ್ಟಿದ್ದೂ ಸರಿಯಾಗಿ ಇಂಥದ್ದೇ ಜೋಡಿಯಿಂದ. ಅಮೆರಿಕದ ಓಮ್‌ಸ್ಟೆಡ್ ಆಫೀಸು ಅದು. ನೂರು ವರ್ಷಕ್ಕೂ ಜಾಸ್ತಿ ನಡೆಯಿತು, ಸುಮಾರು 6,000 ಕೆಲಸಗಳನ್ನು ಕೈಗೆತ್ತಿಕೊಂಡಿತು. ನಿಮ್ಮ ಎಲ್ಲ ಪ್ರಶ್ನೆಗೂ ಅದರ ಕಥೆಯಲ್ಲೇ ಉತ್ತರ ಇದೆ. ಹಾಗಾಗಿ ಅದನ್ನೇ ಹಿಡಿದು ಹೇಳುತ್ತೇನೆ.

1857ರಲ್ಲಿ ನ್ಯೂಯಾರ್ಕ್ ನಗರ ಸೆಂಟ್ರಲ್ ಪಾರ್ಕಿಗೆ ನಕ್ಷೆಯ ಸ್ಪರ್ಧೆ ಕರೆಯಿತು. ಕ್ಯಾಲ್ವರ್ಟ್ ವಾಕ್ಸ್ ಇಂಗ್ಲೆಂಡಿನಿಂದ ಬಂದ ಆರ್ಕಿಟೆಕ್ಟ್, ಕೈ ಪಳಗಿದವನು. ಫ್ರೆಡರಿಕ್ ಲಾ ಓಮ್‌ಸ್ಟೆಡ್ ಆರ್ಕಿಟೆಕ್ಟೇ ಅಲ್ಲ. ಹೊಲ ಮಾಡಿದ್ದ, ಪತ್ರಿಕೆಗಳಿಗೆ ಬರೆದಿದ್ದ, ಆಗತಾನೇ ಆ ಪಾರ್ಕಿನ ಜಾಗದ ಮೇಲ್ವಿಚಾರಕನಾಗಿ ಸೇರಿದ್ದ. ಬಂಡೆ ಎಲ್ಲಿದೆ, ಕೆಸರು ಎಲ್ಲಿದೆ, ಮಳೆ ನೀರು ಯಾವ ಕಡೆ ಹರಿಯುತ್ತೆ ಎಲ್ಲ ಅವನಿಗೆ ಗೊತ್ತಿತ್ತು. ಅದಕ್ಕೇ ವಾಕ್ಸ್ ಅವನನ್ನು ಜೊತೆಗೆ ಕರೆದ. ಬಂದದ್ದು 33 ನಕ್ಷೆಗಳು. 1858ರಲ್ಲಿ ಇವರದ್ದು ಗೆದ್ದಿತು. ಪಾರ್ಕನ್ನು ಅಡ್ಡಲಾಗಿ ದಾಟುವ ನಾಲ್ಕು ರಸ್ತೆಗಳನ್ನು ನೆಲಮಟ್ಟಕ್ಕಿಂತ ಕೆಳಗೆ ಇಳಿಸಿದ್ದರು. ಗಾಡಿಗಳು ಕೆಳಗೆ, ನಡೆಯುವವರು ಮೇಲೆ. ಇಂದಿಗೂ ಹಾಗೇ ಇದೆ. ಬರೀ ಡ್ರಾಯಿಂಗ್ ಟೇಬಲ್ ಮುಂದೆ ಕೂತವನಿಗೆ ಇದು ಹೊಳೆಯುತ್ತಿರಲಿಲ್ಲ. ಬರೀ ಸೈಟಿನಲ್ಲಿ ನಿಂತವನಿಗೆ ಅದನ್ನು ಕಾಗದದ ಮೇಲೆ ತೋರಿಸಲು ಆಗುತ್ತಿರಲಿಲ್ಲ.

ಆದರೆ ಅಲ್ಲಿಂದಲೇ ಒಂದು ನೋವೂ ಶುರುವಾಯಿತು, ಇದನ್ನು ನೀವಿಬ್ಬರೂ ಕೂತು ಓದಿ. ಗೆದ್ದ ಮೇಲೆ ಪಾರ್ಕಿನ ಮುಖ್ಯ ಆರ್ಕಿಟೆಕ್ಟ್ ಎಂಬ ಹುದ್ದೆ ಸಿಕ್ಕಿದ್ದು ಓಮ್‌ಸ್ಟೆಡ್‌ಗೆ. ವಾಕ್ಸ್ ಅವನ ಸಹಾಯಕ ಅಂತಾದ. ಕರೆದವನು ಹಿಂದೆ ಸರಿದ, ಕರೆಸಿಕೊಂಡವನು ಮುಂದೆ ನಿಂತ. ಪತ್ರಿಕೆಗಳೂ ಓಮ್‌ಸ್ಟೆಡ್ ಹೆಸರನ್ನೇ ಹೆಚ್ಚು ಬರೆದವು. ವಾಕ್ಸ್‌ಗೆ ಇದು ಕೊನೆಯವರೆಗೂ ಚುಚ್ಚುತ್ತಿತ್ತು. ಜನರ ಎದುರು ಮಾತಾಡುವವರು, ಸೈಟಿನಲ್ಲಿ ಕಾಣುವವರು ನೀವು. ಹಾಗಾಗಿ ಹೆಸರು ತಾನಾಗಿ ನಿಮ್ಮ ಕಡೆಗೇ ವಾಲುತ್ತೆ. ನಿಮ್ಮ ಗೆಳತಿಯ ಹೆಸರು ಪ್ರತಿ ಡ್ರಾಯಿಂಗ್‌ ಮೇಲೆ, ಪ್ರತಿ ಪ್ರಸೆಂಟೇಶನ್‌ನಲ್ಲಿ ಇರುವ ಹಾಗೆ ಮೊದಲ ದಿನದಿಂದ ನೋಡಿಕೊಳ್ಳಬೇಕಾದವರೂ ನೀವೇ.

ಸೆಂಟ್ರಲ್ ಪಾರ್ಕ್ ಗೆದ್ದ ತಕ್ಷಣ ಆಫೀಸು ಹುಟ್ಟಲಿಲ್ಲ ಅನ್ನೋದೂ ಗಮನಿಸಿ. 1861ರಲ್ಲಿ ಅಂತರ್ಯುದ್ಧ ಬಂತು. ಗಾಯಾಳು ಸೈನಿಕರ ಆರೈಕೆ ನೋಡಿಕೊಳ್ಳುವ ಸ್ಯಾನಿಟರಿ ಕಮಿಷನ್‌ ನಡೆಸಲು ಓಮ್‌ಸ್ಟೆಡ್ ಹೋದ. ಆಮೇಲೆ ಕ್ಯಾಲಿಫೋರ್ನಿಯಾದ ಒಂದು ಚಿನ್ನದ ಗಣಿಯ ಮ್ಯಾನೇಜರ್ ಆದ. ಅವನನ್ನು ಪತ್ರದ ಮೇಲೆ ಪತ್ರ ಬರೆದು ವಾಪಸ್ ಎಳೆದು ತಂದವನು ವಾಕ್ಸ್. ಬ್ರೂಕ್ಲಿನ್‌ನಲ್ಲಿ ಪ್ರಾಸ್ಪೆಕ್ಟ್ ಪಾರ್ಕ್ ಕೆಲಸ ಬರುವ ಹಾಗಿತ್ತು. ಅಲ್ಲಿ ಮೊದಲು ಗುರುತಿಸಿದ್ದ ಜಾಗದ ನಡುವೆ ಫ್ಲಾಟ್‌ಬುಷ್ ಅವೆನ್ಯೂ ಅನ್ನೋ ದೊಡ್ಡ ರಸ್ತೆ ಹಾದುಹೋಗುತ್ತಿತ್ತು. ವಾಕ್ಸ್ ಸೈಟು ನೋಡಿ, ರಸ್ತೆಯ ಆಚೆ ಭಾಗ ಬಿಡಿ, ಈಚೆ ಕಡೆ ಜಾಗ ಕೊಳ್ಳಿ ಅಂದ. ನಕ್ಷೆ ಬರೆಯುವ ಮುಂಚೆಯೇ ಕೊಟ್ಟ ಈ ಸಲಹೆ ಆ ಪಾರ್ಕನ್ನು ಉಳಿಸಿತು. 1865ರಲ್ಲಿ 'ಓಮ್‌ಸ್ಟೆಡ್, ವಾಕ್ಸ್ ಅಂಡ್ ಕಂಪನಿ' ಶುರುವಾಯಿತು. ಮುಂದೆ ಬಫಲೋ ನಗರದ ಪಾರ್ಕುಗಳು ಬಂದವು, ಶಿಕಾಗೋ ಹತ್ತಿರ 1,600 ಎಕರೆಯ ರಿವರ್‌ಸೈಡ್ ಬಡಾವಣೆ ಬಂತು.

ರಿವರ್‌ಸೈಡ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇದು ನಮ್ಮ ಊರಿನಲ್ಲಿ ದಿನಾ ನಡೆಯೋದು. ನೆಲದ ಏರಿಳಿತಕ್ಕೆ ತಕ್ಕಂತೆ ಬಾಗುವ ರಸ್ತೆಗಳು, ನದಿ ದಂಡೆಯೆಲ್ಲ ಸಾರ್ವಜನಿಕರಿಗೆ. ಅದ್ಭುತವಾದ ನಕ್ಷೆ. ಆದರೆ ಡೆವಲಪರ್ ಕಂಪನಿ ಫೀಸನ್ನು ದುಡ್ಡಿನ ಬದಲು ನಿವೇಶನಗಳ ರೂಪದಲ್ಲಿ ಕೊಡಲು ಒಪ್ಪಿಸಿತ್ತು. 1871ರಲ್ಲಿ ಶಿಕಾಗೋ ಸುಟ್ಟುಹೋಯಿತು, 1873ರಲ್ಲಿ ಅಮೆರಿಕದ ಬ್ಯಾಂಕುಗಳು ಕುಸಿದವು, ಕಂಪನಿ ಮುಳುಗಿತು. ಬೆಂಗಳೂರಿನ ಹೊರವಲಯದಲ್ಲಿ ಬಡಾವಣೆ ಮಾಡುವವರು ನಿಮಗೂ ಹೀಗೇ ಹೇಳುತ್ತಾರೆ: 'ಮೇಡಂ, ಫೀಸು ಯಾಕೆ, ಒಂದು ಸೈಟೇ ಇಟ್ಕೊಳ್ಳಿ.' ಬೇಡ ಅನ್ನಿ. ಡ್ರಾಯಿಂಗ್ ಮಾಡುವ ಹುಡುಗರಿಗೆ ತಿಂಗಳ ಒಂದನೇ ತಾರೀಖು ಸಂಬಳ ಕೊಡಬೇಕು. ಸೈಟು ಹಿಡಿದು ಕೂತರೆ ಅದು ಆಗಲ್ಲ.

1872ರಲ್ಲಿ ಇಬ್ಬರೂ ಬೇರೆಯಾದರು. ಜಗಳವಾಡಿ ಮುಖ ತಿರುಗಿಸಲಿಲ್ಲ. ಮುಂದೆ ನಯಾಗರ ಜಲಪಾತದ ಸುತ್ತಲಿನ ಜಾಗಕ್ಕೆ 1887ರಲ್ಲಿ ಇಬ್ಬರೂ ಸೇರಿಯೇ ಯೋಜನೆ ಮಾಡಿದರು. ನ್ಯೂಯಾರ್ಕಿನ ರಾಜಕೀಯ ಮಾತ್ರ ಓಮ್‌ಸ್ಟೆಡ್‌ನನ್ನು ಬಿಡಲಿಲ್ಲ. 1878ರಲ್ಲಿ ಪಾರ್ಕ್ ಮಂಡಳಿ ಅವನನ್ನು ತೆಗೆದೇ ಹಾಕಿತು. ಆಗ ಅವನಿಗೆ 55 ದಾಟಿತ್ತು. ಆಫೀಸು ನಿಜವಾಗಿ ಬೆಳೆದದ್ದು ಅದಾದ ಮೇಲೆ, ಬಾಸ್ಟನ್‌ನಲ್ಲಿ.

ಬಾಸ್ಟನ್‌ ಕರೆದದ್ದು ಅಂದದ ಕೆಲಸಕ್ಕಲ್ಲ. ಬ್ಯಾಕ್ ಬೇ ಎಂಬಲ್ಲಿ ಚರಂಡಿ ನೀರು, ಸಮುದ್ರದ ಉಬ್ಬರದ ನೀರು, ಮಳೆಯ ಪ್ರವಾಹ ಮೂರೂ ಸೇರಿ ನಾರುವ ಜೌಗು. ಓಮ್‌ಸ್ಟೆಡ್ ನಗರದ ಎಂಜಿನಿಯರ್ ಜೋಸೆಫ್ ಡೇವಿಸ್ ಜೊತೆ ಕೂತು ಕೆಲಸ ಮಾಡಿದ. ಚರಂಡಿ ಬೇರೆ ಕೊಳವೆಗೆ, ಪ್ರವಾಹದ ನೀರು ತುಂಬಿಕೊಳ್ಳಲು ಅಂಕುಡೊಂಕಾದ ದೊಡ್ಡ ಪಾತ್ರ, ಅದರ ಅಂಚಿಗೆ ಉಪ್ಪುನೀರಿನಲ್ಲೂ ಬದುಕುವ ಹುಲ್ಲು. ನೋಡಿದವರಿಗೆ ಮೊದಲಿನಿಂದಲೂ ಅಲ್ಲೇ ಇದ್ದ ಜೌಗಿನ ಹಾಗೆ ಕಾಣಬೇಕು, ಒಳಗೆ ಮಾತ್ರ ಪೂರ್ತಿ ಎಂಜಿನಿಯರಿಂಗ್. 1910ರಲ್ಲಿ ಚಾರ್ಲ್ಸ್ ನದಿಗೆ ಅಣೆಕಟ್ಟು ಬಂದು ಉಪ್ಪುನೀರು ನಿಂತುಹೋಯಿತು, ಆ ಗಿಡಗಳು ಸತ್ತವು. ಆದರೆ ನೀರಿನ ಪಾತ್ರ ಉಳಿಯಿತು. ರಾಜಕಾಲುವೆ, ಕೆರೆ ಕೋಡಿ, ಬಫರ್ ಜಾಗ ಅಂತ ನಾವು ಇವತ್ತು ತಲೆ ಕೆಡಿಸಿಕೊಳ್ಳುವ ಕೆಲಸವೂ ಇದೇ ಅಲ್ವಾ? ಹೊಸ ಆಫೀಸಿಗೆ ನನ್ನ ಮೊದಲ ಸಲಹೆ: ಹುಲ್ಲುಹಾಸು, ಕಾರಂಜಿಯ ಕೆಲಸದ ಹಿಂದೆ ಹೋಗುವ ಮುಂಚೆ ನೀರಿನ ಕೆಲಸ ಕಲಿಯಿರಿ. ಒಬ್ಬ ಒಳ್ಳೆಯ ಸಿವಿಲ್ ಎಂಜಿನಿಯರ್ ಜೊತೆ ಕೈಜೋಡಿಸಿ. ನಿಮ್ಮನ್ನು ಪ್ರಾಜೆಕ್ಟಿನ ಕೊನೆಗೆ 'ಗಿಡ ಹಾಕೋಕೆ' ಕರೆಯೋದು ನಿಂತು, ಶುರುವಿನಲ್ಲೇ ಕರೆಯೋದು ಆಗ ಮಾತ್ರ.

1883ರಲ್ಲಿ ಓಮ್‌ಸ್ಟೆಡ್ ಬಾಸ್ಟನ್‌ ಪಕ್ಕದ ಬ್ರೂಕ್‌ಲೈನ್‌ನಲ್ಲಿ ಒಂದು ಹಳೇ ತೋಟದ ಮನೆ ಕೊಂಡ. ಅಲ್ಲಿದ್ದ ಕ್ಲಾರ್ಕ್ ಅಕ್ಕತಂಗಿಯರಿಗೆ ಮನೆ ಬಿಡಲು ಮನಸ್ಸಿರಲಿಲ್ಲ. ಅದೇ ಆವರಣದಲ್ಲಿ ಅವರಿಗೊಂದು ಪುಟ್ಟ ಮನೆ ಕಟ್ಟಿಕೊಟ್ಟು, ಇರುವಷ್ಟು ದಿನ ಇರಿ ಅಂದರು. ಆ ದೊಡ್ಡ ಮನೆಗೆ ಫೇರ್‌ಸ್ಟೆಡ್ ಅಂತ ಹೆಸರು. ಮುಂದಿನ ಹಲವು ದಶಕ ಆಫೀಸು ಅಲ್ಲೇ. ಕೆಲಸ ಹೆಚ್ಚಿದ ಹಾಗೆ ಮನೆಯ ಬೆನ್ನಿಗೆ ಕೋಣೆ ಸೇರಿಸುತ್ತಾ ಹೋದರು. ಬಾಡಿಗೆಗೆ ಹೆದರಿ ಆಫೀಸು ಮುಂದೂಡುತ್ತಿದ್ದರೆ, ಮನೆಯಿಂದಲೇ ಶುರು ಮಾಡಿ. ಅದರಲ್ಲಿ ಸಣ್ಣತನವೇನೂ ಇಲ್ಲ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಲ್ಯಾಂಡ್‌ಸ್ಕೇಪ್ ಆಫೀಸಿನ ದೊಡ್ಡ ತೊಂದರೆ ಏನೆಂದರೆ, ನಾವು ಹಾಕಿದ ಗಿಡ ಮರವಾಗುವ ಹೊತ್ತಿಗೆ ನಾವೇ ಇರುವುದಿಲ್ಲ. ಆರ್ಕಿಟೆಕ್ಟ್ ಕಟ್ಟಿದ ಮನೆಯ ಕೆಲಸ ಗೃಹಪ್ರವೇಶಕ್ಕೆ ಮುಗಿಯುತ್ತೆ. ನಮ್ಮ ಕೆಲಸ ಅವತ್ತು ಶುರು. ಹಾಗಾಗಿ ಈ ವೃತ್ತಿಯಲ್ಲಿ ಆಫೀಸಿನ ಆಯಸ್ಸು ಮನುಷ್ಯರ ಆಯಸ್ಸಿಗಿಂತ ಉದ್ದ ಇರಬೇಕು. ಓಮ್‌ಸ್ಟೆಡ್ ಇದನ್ನು ಅರ್ಥ ಮಾಡಿಕೊಂಡ. ಅದನ್ನು ಮಾಡಿ ತೋರಿಸಿದವನು ಮಾತ್ರ ಜಾನ್ ಚಾರ್ಲ್ಸ್.

ಜಾನ್ ಚಾರ್ಲ್ಸ್ ಓಮ್‌ಸ್ಟೆಡ್‌ನ ತಮ್ಮನ ಮಗ. ತಮ್ಮ ತೀರಿಕೊಂಡ ಮೇಲೆ ಓಮ್‌ಸ್ಟೆಡ್ ಅವನ ಹೆಂಡತಿಯನ್ನೇ ಮದುವೆಯಾದ. ಹಾಗಾಗಿ ಹುಡುಗ ಮಗನೂ ಆದ. 1884ರಲ್ಲಿ ಪಾಲುದಾರನಾದ. ಮಾತು ಕಮ್ಮಿ, ಪತ್ರಿಕೆಗಳಲ್ಲಿ ಹೆಸರು ಕಮ್ಮಿ. ಆಫೀಸಿಗೆ ಶಿಸ್ತು ತಂದವನು ಇವನು. ಬಂದ ಪ್ರತಿ ಕೆಲಸಕ್ಕೂ ಒಂದು ಜಾಬ್ ನಂಬರ್. ಅದೇ ನಂಬರ್ ಪತ್ರದ ಮೇಲೆ, ಡ್ರಾಯಿಂಗ್ ಮೇಲೆ, ಫೋಟೋ ಮೇಲೆ. ಗಿಡದ ನಕ್ಷೆಯಲ್ಲಿ ಪ್ರತಿ ಪಾತಿಗೂ ಒಂದು ಸಂಖ್ಯೆ, ಪಕ್ಕದ ಪಟ್ಟಿಯಲ್ಲಿ ಆ ಸಂಖ್ಯೆಯ ಎದುರು ಸಸ್ಯದ ಹೆಸರು, ಎಷ್ಟು ಗಿಡ ಬೇಕು ಅನ್ನೋ ಲೆಕ್ಕ. ಡ್ರಾಯಿಂಗ್‌ಗಳು ಬೆಂಕಿಗೆ ಆಹುತಿಯಾಗದಿರಲಿ ಅಂತ ಇಟ್ಟಿಗೆಯ ಒಂದು ಕೋಣೆಯನ್ನೇ ಕಟ್ಟಿಸಿದರು. ಅದರ ಫಲವಾಗಿ ಸುಮಾರು 1,40,000 ನಕ್ಷೆ, ಡ್ರಾಯಿಂಗ್‌ಗಳು ಇವತ್ತೂ ಫೇರ್‌ಸ್ಟೆಡ್‌ನಲ್ಲಿವೆ. ಹಳೇ ಪಾರ್ಕಿನಲ್ಲಿ ಮರ ಬಿದ್ದರೆ, ಅಲ್ಲಿ ಮೊದಲು ಏನಿತ್ತು ಅಂತ ಈಗಿನವರು ತೆಗೆದು ನೋಡುತ್ತಾರೆ.

ನಮ್ಮಲ್ಲಿ ಇದರ ಬೆಲೆ ಏನು ಅಂತ ಒಂದೇ ಉದಾಹರಣೆಯಲ್ಲಿ ಹೇಳುತ್ತೇನೆ. ಟಬೂಬಿಯಾ ಅನ್ನೋದು ಹೂವಿನ ಮರ, ಅದರಲ್ಲಿ ಹಲವು ಬಗೆ. ಗಿಡದ ಪಟ್ಟಿಯಲ್ಲಿ ಬರೀ 'ಟಬೂಬಿಯಾ' ಅಂತ ಬರೆದು ಕಳಿಸಿ ನೋಡಿ. ಗೋದಾವರಿ ತೀರದ ಕಡಿಯಂ ನರ್ಸರಿಗಳಿಂದ ಲಾರಿ ಬರುತ್ತೆ. ಎಲ್ಲ ಸಸಿಯೂ ಒಂದೇ ಥರ ಕಾಣುತ್ತೆ, ಕಾಂಟ್ರಾಕ್ಟರ್ ನೆಡಿಸುತ್ತಾನೆ, ಬಿಲ್ ಆಗುತ್ತೆ. ಬಂದದ್ದು ಹಳದಿಯೋ ಗುಲಾಬಿಯೋ ಅಂತ ಗೊತ್ತಾಗೋದು ಮೊದಲ ಹೂ ಬಿಟ್ಟಾಗ. ಆಗ ಕಾಂಟ್ರಾಕ್ಟರ್ ಇರಲ್ಲ, ಅಪಾರ್ಟ್‌ಮೆಂಟ್‌ ಸಂಘದವರು ಫೋನ್ ಮಾಡೋದು ನಿಮಗೆ. ಹಳದಿ ಬೇಕಿದ್ದರೆ ಟಬೂಬಿಯಾ ಅರ್ಜೆಂಟಿಯಾ ಅಂತ ಪೂರ್ತಿ ಹೆಸರು, ಎತ್ತರ, ಕಾಂಡದ ಸುತ್ತಳತೆ, ಬ್ಯಾಗಿನ ಅಳತೆ, ಯಾವ ನರ್ಸರಿ, ನೆಟ್ಟ ದಿನ, ಸತ್ತಿದ್ದರೆ ಬದಲಿಸಿದ ದಿನ, ಇಷ್ಟೂ ಕಾಲಂ ಇರಲಿ. ನನ್ನ ಆಫೀಸಿನಲ್ಲಿ ಈ ಪಟ್ಟಿ ತುಂಬದೆ ಯಾವ ಬಿಲ್ಲಿಗೂ ಸಹಿ ಬೀಳಲ್ಲ. ನಂಬರ್ ಹಾಕುವ ಕೆಲಸವನ್ನು ಮೊದಲನೇ ಪ್ರಾಜೆಕ್ಟಿನಿಂದಲೇ ಶುರು ಮಾಡಿ. ಆಮೇಲೆ ಮಾಡೋಣ ಅಂದರೆ ಆ 'ಆಮೇಲೆ' ಬರೋದೇ ಇಲ್ಲ.

ಎರಡನೆಯದು ಶಿಷ್ಯರು. ಫೇರ್‌ಸ್ಟೆಡ್‌ಗೆ ಕಲಿಯಲು ಬಂದ ಹುಡುಗರಲ್ಲಿ ಚಾರ್ಲ್ಸ್ ಎಲಿಯಟ್ ಒಬ್ಬ, ಹೆನ್ರಿ ಕಾಡ್‌ಮನ್ ಇನ್ನೊಬ್ಬ. ಕಾಡ್‌ಮನ್ 1889ರಲ್ಲಿ ಪಾಲುದಾರನಾದ. ಶಿಕಾಗೋದ 1893ರ ವಿಶ್ವಮೇಳದ ಮೈದಾನವನ್ನು ಅವನೇ ನೋಡಿಕೊಳ್ಳುತ್ತಿದ್ದ. ಮೇಳ ಶುರುವಾಗಲು ಕೆಲವೇ ತಿಂಗಳು ಇರುವಾಗ, ಆ ಜನವರಿಯಲ್ಲಿ, ಅಪೆಂಡಿಕ್ಸ್ ಆಪರೇಷನ್ ಆಗಿ ತೀರಿಕೊಂಡ. 70 ವರ್ಷದ ಓಮ್‌ಸ್ಟೆಡ್ ತಾನೇ ಶಿಕಾಗೋಕ್ಕೆ ಓಡಬೇಕಾಯಿತು. ಎಲಿಯಟ್ ಆಗ ಸ್ವಂತ ಆಫೀಸು ನಡೆಸುತ್ತಿದ್ದ. ಅವನನ್ನು ಕರೆದು ಪಾಲುದಾರನನ್ನಾಗಿ ಮಾಡಿಕೊಂಡರು. ಅವನ ಜೊತೆಗೆ ಬಾಸ್ಟನ್‌ ಸುತ್ತಲಿನ ಮೆಟ್ರೊಪಾಲಿಟನ್ ಪಾರ್ಕುಗಳ ದೊಡ್ಡ ಕೆಲಸವೂ ಬಂತು. ನಾಲ್ಕೇ ವರ್ಷ, 1897ರಲ್ಲಿ ಎಲಿಯಟ್‌ ಮಿದುಳಿನ ಪೊರೆಯ ಜ್ವರದಿಂದ 37ನೇ ವಯಸ್ಸಿಗೇ ಹೋದ. ಅಷ್ಟರಲ್ಲಿ ಹಿರಿಯ ಓಮ್‌ಸ್ಟೆಡ್‌ಗೆ ಮರೆವು ಬಂದು 1895ರಲ್ಲಿ ಕೆಲಸ ಬಿಟ್ಟಿದ್ದ. ಐದು ವರ್ಷದಲ್ಲಿ ಮೂವರು. ಆದರೂ ಆಫೀಸು ಬಾಗಿಲು ಹಾಕಲಿಲ್ಲ. ಯಾರ ತಲೆಯಲ್ಲೂ ಪ್ರಾಜೆಕ್ಟ್ ಸಿಕ್ಕಿಹಾಕಿಕೊಂಡಿರಲಿಲ್ಲ, ಎಲ್ಲ ಕಾಗದದ ಮೇಲೆ ಇತ್ತು.

ಇಲ್ಲಿ ನಿಮಗೊಂದು ಕಾನೂನಿನ ಮಾತು. ನಮ್ಮ 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ, ಒಪ್ಪಂದದಲ್ಲಿ ಬೇರೆ ಬರೆಯದಿದ್ದರೆ, ಒಬ್ಬ ಪಾಲುದಾರ ತೀರಿಕೊಂಡರೆ ಸಂಸ್ಥೆಯೇ ಮುಗಿಯುತ್ತೆ. ಇಬ್ಬರೇ ಇದ್ದರಂತೂ ಕೇಳೋದೇ ಬೇಡ. 2008ರ ಕಾಯ್ದೆಯ ಎಲ್‌ಎಲ್‌ಪಿ, ಅಂದರೆ ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ, ಮಾಡಿಕೊಂಡರೆ ಸಂಸ್ಥೆಗೆ ತನ್ನದೇ ಅಸ್ತಿತ್ವ ಇರುತ್ತೆ. ಸ್ನೇಹಿತೆಯರಲ್ವಾ, ಬರೆದಿಡೋದು ಯಾಕೆ ಅಂತ ಸುಮ್ನೆ ಇರಬೇಡಿ. ಒಬ್ಬರು ಹೊರಗೆ ಹೋದರೆ ಡ್ರಾಯಿಂಗ್ ಯಾರದ್ದು, ಬರಬೇಕಾದ ಫೀಸು ಯಾರದ್ದು, ಹೆಸರು ಯಾರದ್ದು ಮೂರನ್ನೂ ಬರೆಯಿರಿ. ಇನ್ನೊಂದು ವಿಷಯ: 1972ರ ಆರ್ಕಿಟೆಕ್ಟ್ಸ್ ಕಾಯ್ದೆ 'ಆರ್ಕಿಟೆಕ್ಟ್' ಎಂಬ ಹೆಸರನ್ನು ನೋಂದಾಯಿತರಿಗೆ ಮೀಸಲಿಟ್ಟರೂ, 'ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್' ಅನ್ನೋದನ್ನು ಆ ನಿರ್ಬಂಧದಿಂದ ಹೊರಗಿಟ್ಟಿದೆ. ಅಂದರೆ ಯಾರು ಬೇಕಾದರೂ ಬೋರ್ಡು ಹಾಕಬಹುದು. ಕಾಯ್ದೆ ನಿಮ್ಮನ್ನು ಬೇರೆಯವರಿಂದ ಬೇರೆ ಮಾಡಿ ತೋರಿಸಲ್ಲ, ಕೆಲಸವೇ ತೋರಿಸಬೇಕು.

1898ರಲ್ಲಿ ಜಾನ್ ಚಾರ್ಲ್ಸ್ ಮತ್ತು ಹಿರಿಯನ ಮಗ ಕಿರಿಯ ಫ್ರೆಡರಿಕ್ ಸೇರಿ 'ಓಮ್‌ಸ್ಟೆಡ್ ಬ್ರದರ್ಸ್' ಮಾಡಿದರು. ಕಿರಿಯನನ್ನು ತಂದೆ ಬಹಳ ಮುಂಚೆಯೇ ತಯಾರು ಮಾಡಿದ್ದ. ನಾರ್ತ್ ಕ್ಯಾರೊಲಿನಾದಲ್ಲಿ ವಾಂಡರ್‌ಬಿಲ್ಟ್‌ ಎಂಬ ಶ್ರೀಮಂತನ ಬಿಲ್ಟ್‌ಮೋರ್ ಎಸ್ಟೇಟಿಗೆ ಕೆಲಸ ಕಲಿಯಲು ಕಳಿಸಿದ್ದ. ಆ ಕೆಲಸದ ಶುರುವಿನಲ್ಲಿ ಹಿರಿಯ ಓಮ್‌ಸ್ಟೆಡ್ ಮಾಲೀಕನಿಗೆ ಮುಖದ ಮೇಲೇ ಹೇಳಿದ್ದು: ನಿನ್ನ ಮಣ್ಣು ಸವೆದಿದೆ, ದೊಡ್ಡ ಪಾರ್ಕಿಗೆ ಲಾಯಕ್ಕಿಲ್ಲ, ಮನೆ ಸುತ್ತ ಚಿಕ್ಕ ತೋಟ ಮಾಡು, ಉಳಿದದ್ದೆಲ್ಲ ಕಾಡು ಬೆಳೆಸು. ಅಷ್ಟು ದೊಡ್ಡ ಕ್ಲೈಂಟಿಗೆ ಬೇಡ ಅನ್ನುವ ಧೈರ್ಯ. ಆ ಮಾತಿನಿಂದ ಕೆಲಸ ಹೋಗಲಿಲ್ಲ, ಅಮೆರಿಕದ ವೈಜ್ಞಾನಿಕ ಅರಣ್ಯಗಾರಿಕೆಯೇ ಅಲ್ಲಿಂದ ಬೆಳೆಯಿತು.

ಬೆಳವಣಿಗೆ ಹೇಗೆ ಅಂತ ಕೇಳಿದ್ದಿರಿ. ಸಿಯಾಟಲ್ ನೋಡಿ. 1903ರಲ್ಲಿ ಜಾನ್ ಚಾರ್ಲ್ಸ್ ರೈಲಿನಲ್ಲಿ ದೇಶದ ಆ ತುದಿಗೆ ಹೋಗಿ ನಗರಕ್ಕೆ ಪಾರ್ಕುಗಳ ಯೋಜನೆ ಕೊಟ್ಟ. ಪಾರ್ಕ್ ಮಂಡಳಿಯ ಮೂಲಕ ಪರಿಚಯವಾದವರು ತಮ್ಮ ಮನೆ ತೋಟಕ್ಕೆ ಕರೆದರು, ವಿಶ್ವವಿದ್ಯಾಲಯ ಕರೆಯಿತು. ಆ ವಿಶ್ವವಿದ್ಯಾಲಯದ ಜಾಗದಲ್ಲೇ ನಡೆದ 1909ರ ವಸ್ತುಪ್ರದರ್ಶನದ ನಕ್ಷೆಯಲ್ಲಿ ಮುಖ್ಯ ಹಾದಿ ನೇರ ರೇನಿಯರ್ ಪರ್ವತದ ಕಡೆ ನೋಡುತ್ತಿತ್ತು. ಅದು ಇಂದಿಗೂ ಆ ಕ್ಯಾಂಪಸ್ಸಿನ ಮುಖ್ಯ ನೋಟ. ಅಲ್ಲಿನ ಮುಂದಿನ ಕೆಲಸಗಳನ್ನು ಆಫೀಸಿನ ಜೇಮ್ಸ್ ಡಾಸನ್ ವರ್ಷಗಟ್ಟಲೆ ನೋಡಿಕೊಂಡ. ಆಮೇಲೆ ಅವನೂ ಪಾಲುದಾರನಾದ. ಹೊಸ ಕ್ಲೈಂಟ್ ಹುಡುಕಿಕೊಂಡು ಹೋಗಿದ್ದಕ್ಕಿಂತ, ಒಂದು ಊರನ್ನು ಬಿಡದೆ ಹಿಡಿದದ್ದರಿಂದ ಬೆಳೆದ ಆಫೀಸು ಇದು. 1920ರ ದಶಕದಲ್ಲಿ ಸುಮಾರು 60 ಜನ ಅಲ್ಲಿ ಕೆಲಸ ಮಾಡುತ್ತಿದ್ದರು.

ವೃತ್ತಿಯನ್ನೂ ಕಟ್ಟಿದರು. 1899ರಲ್ಲಿ ಅಮೆರಿಕದ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟರ ಸಂಘ ಶುರುವಾದಾಗ ಜಾನ್ ಚಾರ್ಲ್ಸ್ ಮೊದಲ ಅಧ್ಯಕ್ಷ. 1900ರಲ್ಲಿ ಹಾರ್ವರ್ಡ್‌ನಲ್ಲಿ ಕೋರ್ಸ್ ಶುರು ಮಾಡಿದವನು ಕಿರಿಯ ಫ್ರೆಡರಿಕ್. ನಮ್ಮ ದೇಶದಲ್ಲಿ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟರ ಸಂಘ ಇಸೋಲಾ ಹುಟ್ಟಿದ್ದು 2003ರಲ್ಲಿ. ಬೆಂಗಳೂರಿನ ಹೂವಿನ ಮರಗಳ ಸಾಲುಗಳು ಕ್ರುಂಬಿಗಲ್ ಅವರಂಥ ಸರ್ಕಾರಿ ತೋಟಗಾರಿಕೆಯ ಅಧಿಕಾರಿಗಳ ಕೆಲಸ. ಇಲ್ಲಿ ಖಾಸಗಿ ಆಫೀಸುಗಳ ಪರಂಪರೆ ಇನ್ನೂ ಎಳೆಯದು. ನಿಮ್ಮಂಥವರು ಬರಬೇಕು ಅಂತ ನಾನು ಮನಸಾರೆ ಬಯಸುವುದು ಅದಕ್ಕೇ.

ಫೀಸಿನ ಬಗ್ಗೆ. ಓಮ್‌ಸ್ಟೆಡ್ ಆಫೀಸು ಮೊದಲ ಭೇಟಿಗೇ ಬೇರೆ ಫೀಸು ಮತ್ತು ಪ್ರಯಾಣದ ಖರ್ಚು ಪಡೆಯುತ್ತಿತ್ತು. ಹೋಗಿ ನೋಡಿ, ಜಾಗದ ಬಗ್ಗೆ ಉದ್ದ ಪತ್ರ ಬರೆದು ಕೊಡುತ್ತಿದ್ದರು. ನಮ್ಮಲ್ಲಿ ಮೊದಲ ಭೇಟಿ ಪುಕ್ಕಟೆ ಅನ್ನೋದು ವಾಡಿಕೆಯಾಗಿಬಿಟ್ಟಿದೆ. ನೀವು ಬದಲಿಸಿ. ಭೇಟಿಗೆ ಫೀಸು ಕೇಳಿ, ಬದಲಿಗೆ ನೀರು, ಮಣ್ಣು, ಉಳಿಸಬೇಕಾದ ಮರ ಇವುಗಳ ಬಗ್ಗೆ ಎರಡು ಪುಟ ಬರೆದು ಕೊಡಿ. ಕ್ಲೈಂಟ್ ನಿಮ್ಮನ್ನು ಬಿಟ್ಟರೂ ಆ ಎರಡು ಪುಟ ಅವರಿಗೆ ಉಪಯೋಗವಾಗಬೇಕು. ಉಳಿದ ಫೀಸನ್ನು ಹಂತಹಂತವಾಗಿ ಭಾಗ ಮಾಡಿ, ಒಂದು ಭಾಗವನ್ನು ಮೊದಲ ಮಳೆಗಾಲ ಮತ್ತು ಮೊದಲ ಬೇಸಿಗೆಯ ನಂತರದ ಭೇಟಿಗಳಿಗೆ ಅಂತಲೇ ಕರಾರಿನಲ್ಲಿ ಬರೆಯಿರಿ. ಬೇಸಿಗೆ ದಾಟಿದ ಗಿಡ ಮಾತ್ರ ಉಳಿಯುತ್ತೆ. ಆ ಭೇಟಿಗೆ ದುಡ್ಡು ಇಲ್ಲದಿದ್ದರೆ ಯಾರೂ ಹೋಗಲ್ಲ.

ಕೊನೆಗೆ ಹೆಸರು. 'ಓಮ್‌ಸ್ಟೆಡ್, ವಾಕ್ಸ್ ಅಂಡ್ ಕಂಪನಿ', ಆಮೇಲೆ ತಂದೆ ಮಗನ ಹೆಸರು, ಆಮೇಲೆ 'ಎಫ್. ಎಲ್. ಓಮ್‌ಸ್ಟೆಡ್ ಅಂಡ್ ಕಂಪನಿ', 'ಓಮ್‌ಸ್ಟೆಡ್, ಓಮ್‌ಸ್ಟೆಡ್ ಅಂಡ್ ಎಲಿಯಟ್', 'ಓಮ್‌ಸ್ಟೆಡ್ ಬ್ರದರ್ಸ್', 1961ರಲ್ಲಿ 'ಓಮ್‌ಸ್ಟೆಡ್ ಅಸೋಸಿಯೇಟ್ಸ್'. ಬೋರ್ಡು ಮತ್ತೆ ಮತ್ತೆ ಬದಲಾಯಿತು, ಮನೆತನದ ಹೆಸರು ಮಾತ್ರ ಹೋಗಲಿಲ್ಲ. ಅದರಿಂದ ಒಂದು ಬೆಲೆಯನ್ನೂ ತೆತ್ತರು. ಡಾಸನ್ ಅಂಥವರು ಜೀವಮಾನ ದುಡಿದರೂ ಬೋರ್ಡಿನ ಮೇಲೆ ಬರಲಿಲ್ಲ. ವಾರನ್ ಮ್ಯಾನಿಂಗ್ ಅನ್ನುವ, ಗಿಡಗಳನ್ನು ಚೆನ್ನಾಗಿ ಬಲ್ಲವನು 1896ರಲ್ಲಿ ಬಿಟ್ಟು ಸ್ವಂತ ಆಫೀಸು ತೆರೆದ. 1949ರ ಹೊತ್ತಿಗೆ ಕಿರಿಯ ಫ್ರೆಡರಿಕ್ ನಿವೃತ್ತನಾದಮೇಲೆ, ಓಮ್‌ಸ್ಟೆಡ್ ಮನೆತನದವರೇ ಇಲ್ಲದ ಓಮ್‌ಸ್ಟೆಡ್ ಆಫೀಸು ಅದು. 1980ರಲ್ಲಿ ಫೇರ್‌ಸ್ಟೆಡ್ ಅಮೆರಿಕದ ರಾಷ್ಟ್ರೀಯ ಉದ್ಯಾನ ಸೇವೆಯ ಕೈಗೆ ಹೋಯಿತು.

ನಿಮ್ಮಿಬ್ಬರ ಹೆಸರೂ ಇಡಬೇಡಿ ಅನ್ನೋದು ನನ್ನ ಅಭಿಪ್ರಾಯ. ಒಂದು ಊರಿನ, ಕೆರೆಯ, ಮರದ ಹೆಸರಿಡಿ. ನಾಳೆ ನಿಮ್ಮ ಹತ್ತಿರ ಕೆಲಸಕ್ಕೆ ಸೇರುವ ಹುಡುಗಿ ಮುಂದೊಂದು ದಿನ ಪಾಲುದಾರಳಾದಾಗ, ಲೆಟರ್‌ಹೆಡ್ ಬದಲಿಸುವ ಮುಜುಗರ ಅವಳಿಗೂ ಬೇಡ, ನಿಮಗೂ ಬೇಡ. ಲೆಟರ್‌ಹೆಡ್‌ನ ಕೆಳಗೆ ಮಾತ್ರ ಎಲ್ಲ ಪಾಲುದಾರರ ಹೆಸರೂ ಅಕ್ಷರಮಾಲೆಯ ಕ್ರಮದಲ್ಲಿ ಇರಲಿ.